ಮಿಸ್ ಕೋರಾ ಕಲಿಸಿದ ತೊದಲು

ಕೋರಾ ಬ್ಯಾಬ್‌ಕಾಕ್ ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿದ್ದನ್ನು ಕಲ್ವರ್ ಸಿಟಿಯಲ್ಲಿ ಯಾರೂ ಕೇಳಿರಲಿಲ್ಲ. "ಕೋರಾ ಅನ್ನಿ, ಸಾಕು" ಎನ್ನುತ್ತಿದ್ದಳು. ಜನ ಅದನ್ನು ವಿನಯ ಎಂದುಕೊಂಡರು. ವಿನಯವೂ ಅಲ್ಲ, ಮಣ್ಣೂ ಅಲ್ಲ. 'ಬ' ಅಕ್ಷರ ಬಂದಲ್ಲಿ ಅವಳ ನಾಲಿಗೆ ಕಚ್ಚಿಕೊಳ್ಳುತ್ತಿತ್ತು. ದೇವರಾದರೋ ಹಟಕ್ಕೆ ಬಿದ್ದವನಂತೆ ಆ ಅಕ್ಷರವನ್ನೇ ಅವಳ ಮನೆತನದ ಹೆಸರಿಗೆ ಎರಡೆರಡು ಸಲ ಅಂಟಿಸಿದ್ದ. ಅವಳು ಹುಟ್ಟಿ ಬೆಳೆದ ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವಿನ ಶಾಲೆಯಲ್ಲಿ ಮಕ್ಕಳು 'ಬ್ಯಾ ಬ್ಯಾ' ಎಂದು ಕುರಿಮರಿಗಳ ಹಾಗೆ ಕೂಗುತ್ತ ಅವಳ ಮನೆಯ ಬೇಲಿಯವರೆಗೂ ಹಿಂಬಾಲಿಸುತ್ತಿದ್ದವು.

ಅಂದಿನಿಂದ ಅವಳು ಆ ಅಕ್ಷರವನ್ನು ಸುತ್ತಿ ಬಳಸಿ ನಡೆಯುವುದನ್ನು ಕಲಿತಳು. 'ಬರ್ತೀನಿ' ಎನ್ನುವಲ್ಲಿ 'ಆಮೇಲೆ ಸಿಗ್ತೀನಿ' ಎನ್ನುವಳು. ಊಟದ ಮೇಜಿನಲ್ಲಿ ಬೆಣ್ಣೆ ಬೇಕಾದರೆ ಬೆರಳು ತೋರಿಸುವಳು. 'ಬೇಡ' ಎನ್ನುವುದಕ್ಕೆ ಮಾತ್ರ ಒಳದಾರಿ ಸಿಗಲಿಲ್ಲ. ಹಾಗಾಗಿ ಯಾರು ಏನು ಕೊಟ್ಟರೂ ತೆಗೆದುಕೊಂಡಳು: ಅಕ್ಕನ ಹಳೆಯ ಕೋಟು, ಇನ್ನೊಬ್ಬರ ಪಾಲಿನ ಕೆಲಸ, ಒಮ್ಮೆ ಮನಸ್ಸಿಗೆ ಒಪ್ಪದ ಗಂಡಿನ ಉಂಗುರ ಕೂಡ. ಉಂಗುರವನ್ನು ಅಂಚೆಯಲ್ಲಿ ಹಿಂದಿರುಗಿಸಿ, ಅಕ್ಕನ ಜೊತೆ ಕ್ಯಾಲಿಫೋರ್ನಿಯಾದ ರೈಲು ಹತ್ತಿದಳು.

ಕಲ್ವರ್ ಸಿಟಿಯಲ್ಲಿ ಕೆಲಸ ಸಿಕ್ಕಿದ ಸಿನಿಮಾ ಸ್ಟುಡಿಯೊ ಅವಳಿಗೆ ಹೇಳಿ ಮಾಡಿಸಿದ ಜಾಗ. ಮಕ್ಕಳನ್ನು ಹಾಕಿಕೊಂಡು ಎರಡು ರೀಲಿನ ಹಾಸ್ಯಚಿತ್ರ ತೆಗೆಯುವ ಸಣ್ಣ ಕಂಪನಿ ಅದು. ಉಡುಪಿನ ಕೋಣೆಯಲ್ಲಿ ಕೋರಾ ಹೊಚ್ಚಹೊಸ ಚಡ್ಡಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ಮೊಣಕಾಲಿಗೆ ಸರಿಯಾಗಿ ಹರಿದು, ಮತ್ತೆ ತೇಪೆ ಹಾಕಿ ಬಡವರ ಮಕ್ಕಳ ಬಟ್ಟೆಯನ್ನಾಗಿ ಮಾಡುತ್ತಿದ್ದಳು. ಆಗ ಮೂಕಿ ಚಿತ್ರಗಳ ಕಾಲ. ನಿರ್ದೇಶಕ ಗಸ್ ಹ್ಯಾಲಮ್ ಕ್ಯಾಮೆರಾದ ಪಕ್ಕ ನಿಂತು ಮೆಗಾಫೋನ್ ತುತ್ತೂರಿಯಲ್ಲಿ ಒದರುತ್ತಿದ್ದ: "ಓಡ್ರೋ! ಹಿಂದೆ ಕರಡಿ! ಅಳು, ಪುಟ್ಟಾ, ಅಳು! ಸಾಕು, ಈಗ ನಗು!" ಮಕ್ಕಳು ಹೇಳಿದಂತೆ ಮಾಡುತ್ತಿದ್ದವು. ಬಾಯಿಪಾಠದ ಗೊಡವೆಯೇ ಇರಲಿಲ್ಲ.

ಚಿತ್ರಗಳಿಗೆ ಮಾತು ಬಂತು ನೋಡಿ, ಗಸ್‌ನ ಬಾಯಿಗೆ ಬೀಗ ಬಿತ್ತು. ತಲೆಯ ಮೇಲೆ ತೂಗುವ ಮೈಕು ಕೆಮ್ಮನ್ನೂ ಬಿಡದೆ ಕೇಳಿಸಿಕೊಳ್ಳುತ್ತಿತ್ತು. ಮಕ್ಕಳು ತಾವೇ ಮಾತು ಕಲಿತು ಬರಬೇಕು. ಆದರೆ ಐದು ವರ್ಷದ ಆರ್ಲಿಗೆ ಓದಲು ಬಾರದು. ಅವನ ತಾಯಿ ವರ್ನಾ ಗದರಿಸಿ ಕಲಿಸಿದರೆ ಹುಡುಗ ಚರ್ಚಿನಲ್ಲಿ ಪ್ರಾರ್ಥನೆ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದ. ಒಂದು ದಿನ ಗುಂಡಿ ಹೊಲಿಯುತ್ತ ಕೋರಾ ಅವನ ಮಾತನ್ನು ತಮಾಷೆಯಾಗಿ ಹೇಳಿಕೊಟ್ಟಳು. ಹುಡುಗ ಅದನ್ನು ಹಾಗೇ, ಅದೇ ರಾಗದಲ್ಲಿ, ಜೀವ ತುಂಬಿ ಹೇಳಿದ.

"ಇನ್ಮೇಲೆ ಈ ಸಣ್ಣವರಿಗೆಲ್ಲ ನೀನೇ ಮೇಷ್ಟ್ರು, ಕೋರಾ" ಎಂದ ಗಸ್.

ಅವಳು ಬೇಡ ಎನ್ನಲಿಲ್ಲ. ಆ ಮಾತು ಬಾರದ್ದಕ್ಕೆ ಅದೊಂದೇ ಸಲ ಅವಳಿಗೆ ಸಂತೋಷವೇ ಆಯಿತು. ಯಾಕೆಂದರೆ ಸಣ್ಣ ಮಕ್ಕಳ ಎದುರು ಅವಳ ನಾಲಿಗೆ ತೊಡರುತ್ತಿರಲಿಲ್ಲ. ಬಾ, ಬೆಕ್ಕು, ಬಲೂನು, ಎಲ್ಲವೂ ನೀರು ಹರಿದ ಹಾಗೆ ಬರುತ್ತಿದ್ದವು. ಉಡುಪಿನ ಕೋಣೆಯ ಬಾಗಿಲು ಹಾಕಿಕೊಂಡು ಆರ್ಲಿಯ ಜೊತೆ ಗಂಟೆಗಟ್ಟಲೆ ಮಾತಾಡುವಾಗ ಅವಳು ಬೇರೆಯೇ ಹೆಂಗಸು.

ಎಡವಟ್ಟಾದದ್ದು ಉಗ್ರಾಣದ ಚಿತ್ರದಲ್ಲಿ. ಮಕ್ಕಳು ಚಿಕ್ಕಮ್ಮನ ಉಗ್ರಾಣಕ್ಕೆ ನುಗ್ಗಿ ಜಾಮು ಕದಿಯುವಾಗ ಚಿಕ್ಕಮ್ಮ ಬಂದುಬಿಡುತ್ತಾಳೆ. ಆರ್ಲಿಯ ಮಾತು: "ಬಾಗಿಲು ಬಡೀತಿದಾರೆ, ಬೇಗ ಬಚ್ಚಿಟ್ಕೊಳ್ಳಿ!" ಕೋರಾ ಅದನ್ನು ಹೇಳಿಕೊಡಲು ಬಾಯಿ ತೆರೆದಾಗ ಗಸ್ ಸದ್ದಿಲ್ಲದೆ ಒಳಗೆ ಬಂದು ಹ್ಯಾಟುಗಳನ್ನು ಹುಡುಕುತ್ತ ಬೆನ್ನು ಹಾಕಿ ನಿಂತ. ದೊಡ್ಡವರ ವಾಸನೆ ಬಡಿದದ್ದೇ ತಡ, ನಾಲಿಗೆ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿತು, ಗದ್ದ ಎರಡು ಸಲ ಮೇಲಕ್ಕೆ ಎಗರಿತು. "ಬ... ಬ... ಬಾಗ್..." ಎಂದು ಪಿಸುಗುಟ್ಟಿ ಹೇಗೋ ಮುಗಿಸಿದಳು. ಗಸ್ ಹ್ಯಾಟು ಸಿಕ್ಕಿದ ಖುಷಿಯಲ್ಲಿ ಹೊರಟುಹೋದ. ಆರ್ಲಿ ಮಾತ್ರ ಅವಳ ಬಾಯನ್ನೇ ನೋಡುತ್ತಿದ್ದ.

ಚಿತ್ರೀಕರಣದಲ್ಲಿ ಹುಡುಗ ಒಂದನ್ನೂ ಬಿಡಲಿಲ್ಲ. ಕಣ್ಣು ಮುಚ್ಚಿದ, ಗದ್ದ ಎಗರಿಸಿದ, "ಬ... ಬ... ಬಾಗ್..." ಎಂದ; ಅಷ್ಟರಲ್ಲಿ ಚಿಕ್ಕಮ್ಮ ಒಳಗೇ ಬಂದಾಗಿತ್ತು. ಸದ್ದು ಮಾಡುವಂತಿಲ್ಲವಲ್ಲ, ಕ್ಯಾಮೆರಾದವನು ತೋಳು ಕಚ್ಚಿಕೊಂಡು ನಕ್ಕ. 'ಕಟ್' ಎಂದೊಡನೆ ಸೂರು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು.

"ಎಲ್ಲಿ ಕಲಿತ್ಯೋ ಇದನ್ನ?" ಗಸ್ ಕಣ್ಣೊರೆಸಿಕೊಂಡ.

"ಮಿಸ್ ಕೋರಾ ಹೀಗೇ ಹೇಳ್ಕೊಟ್ರು."

ಎಲ್ಲರೂ ಅವಳತ್ತ ತಿರುಗಿದರು. ಕೋರಾಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆದರೆ ಗಸ್ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಪುಣ್ಯಾತ್ಗಿತ್ತಿ! ಇಂಥ ತಲೆ ಇಟ್ಕೊಂಡು ಇಷ್ಟು ವರ್ಷ ಚಡ್ಡಿ ಹರೀತಾ ಕೂತಿದ್ಯಾ? ನೀನೇ ಯೋಚ್ನೆ ಮಾಡಿದ್ದಾ?"

ಅದು ಅವಳದೇ ತೊದಲು ಎಂದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕೋರಾ "ಹ್ಞೂಂ" ಎಂದಳು.

ಹ್ಞೂಂ ಎನ್ನುವುದು ಎಷ್ಟು ಸುಲಭ! ಆ ಒಂದು ಹೂಂಕಾರ ಅವಳ ಜೀವನದಲ್ಲೇ ದೊಡ್ಡ ಸುಳ್ಳಾಯಿತು. ಗ್ಲೆಂಡೇಲ್‌ನ ಥಿಯೇಟರಿನಲ್ಲಿ ಚಿತ್ರವನ್ನು ಮೊದಲು ತೋರಿಸಿದಾಗ ಅಕ್ಕನ ಪಕ್ಕ ಕೂತು ನೋಡಿದಳು. ಪರದೆಯಷ್ಟೆತ್ತರ ತನ್ನದೇ ಗದ್ದ ಎಗರುತ್ತಿತ್ತು, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಕ್ಕನೂ ನಕ್ಕಳು; ಆಮೇಲೆ ತಂಗಿಯ ಮುಖ ನೋಡಿ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ನಾಚಿಕೆ ಅವಳ ಮೈಯೆಲ್ಲ ಸುಟ್ಟಿತು ನಿಜ. ಆದರೂ ಹೇಳಬೇಕಾದ್ದನ್ನು ಹೇಳಿಯೇಬಿಡಬೇಕು: ಮುಂದಿನ ಚಿತ್ರಕ್ಕೂ ತೊದಲು ಬೇಕೆಂದಾಗ ಅವಳು ಕಲಿಸಿದಳು. ಅದರ ಮುಂದಿನದಕ್ಕೂ ಕಲಿಸಿದಳು. ಕನ್ನಡಿಯಲ್ಲಿ ಎಷ್ಟೋ ಸಲ ನೋಡಿ ಅತ್ತಿದ್ದ ಆ ಎಗರುವ ಗದ್ದವನ್ನು ಮಗುವಿನ ಗದ್ದ ಹಿಡಿದು ತಿದ್ದಿ ಕಲಿಸಿದಳು. ಸ್ಟುಡಿಯೊದ ಅಂಗಳದಲ್ಲಿ ಜನ ಹ್ಯಾಟು ಎತ್ತಿ ನಮಸ್ಕರಿಸತೊಡಗಿದ್ದರು. ಕುರಿಮರಿ ಎನಿಸಿಕೊಂಡವಳಿಗೆ ಅದರ ರುಚಿ ಹತ್ತಿತ್ತು.

ಒಂದು ಮಧ್ಯಾಹ್ನ ಸ್ಟುಡಿಯೊದ ಮೇಜಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಆರ್ಲಿ, "ಅಮ್ಮಾ, ಬ... ಬ... ಬಾಳೆ..." ಎಂದು ನಿಂತ.

"ಸಾಕು ನಿನ್ನ ನಾಟಕ. ಇಲ್ಲಿ ಕ್ಯಾಮೆರಾ ಇಲ್ಲ" ಎಂದು ವರ್ನಾ ಅವನ ಕೈಗೆ ಒಂದು ಏಟು ಕೊಟ್ಟಳು.

"ನಾಟಕ ಅಲ್ಲಮ್ಮಾ. ಅದೇ ಹಿಡ್ಕೊಳ್ಳುತ್ತೆ."

ಕೋರಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಕ್ಕಳದ್ದಲ್ಲವೇ, ಬಂದ ಹಾಗೇ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಹೋಗಲಿಲ್ಲ. ಕೆಲವು ದಿನಗಳಾದ ಮೇಲೆ ಅದೇ ಮೇಜಿನಲ್ಲಿ ಹುಡುಗ ಸುಮ್ಮನೆ ಬೆರಳು ಚಾಚಿ ಬೆಣ್ಣೆ ತೋರಿಸಿದ. ವರ್ನಾ ಬೆಣ್ಣೆಯ ತಟ್ಟೆಯನ್ನು ಅವನತ್ತ ಸರಿಸಿದಳು, ಅವಳಿಗೆ ಏನೂ ಅನಿಸಲಿಲ್ಲ. ಕೋರಾ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಅವನತ್ತ ತಿರುಗಿದಳು.

"ಯಾಕೋ, ಕೇಳೋಕಾಗಲ್ವಾ?" ಎಂದಳು ಮೆಲ್ಲಗೆ.

ಅವನು ಗುಟ್ಟು ಹೇಳುವವನಂತೆ ಬಾಗಿದ. "ತೋರಿಸಿದ್ರೆ ಸಾಕು, ಮಿಸ್ ಕೋರಾ. ಯಾರೂ ನಗಲ್ಲ."

ಆ ಮಧ್ಯಾಹ್ನವೇ ಸೆಟ್ಟಿನಲ್ಲಿ ದೀಪಗಳೆಲ್ಲ ಹೊತ್ತಿ, ಗಸ್ 'ಶುರು' ಎನ್ನುವ ಮುಂಚೆ ಅವಳು ಕ್ಯಾಮೆರಾದ ಮುಂದೆ ಹೋಗಿ ನಿಂತಳು.

"ಗಸ್, ಇದು ತಮಾಷೆ ಅಲ್ಲ. ನನ್ನ ನಾಲಿಗೇನೇ ಹೀಗೆ. ಹುಡುಗನ ಹತ್ರ ಇನ್ನು ಇದನ್ನ ಹೇಳಿಸೋದು ಬ..."

ಕಣ್ಣು ಮುಚ್ಚಿತು. ಗದ್ದ ಎಗರಿತು. "ಬ... ಬ..."

ಮೊದಲು ಸೆಟ್ಟಿನ ಬಡಗಿ ನಕ್ಕ, ಆಮೇಲೆ ಎಲ್ಲರೂ. ಗಸ್ ತೊಡೆ ತಟ್ಟಿಕೊಂಡ. "ನೋಡ್ರೋ, ನೋಡ್ರೋ! ಆರ್ಲಿಗಿಂತ ಇವಳೇ ವಾಸಿ! ಕ್ಯಾಮೆರಾ ತಿರುಗಿಸಯ್ಯಾ!"

ಕೋರಾ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇನ್ನೊಮ್ಮೆ ಶುರು ಮಾಡುವ ಧೈರ್ಯ ತನಗಿಲ್ಲವೆಂದು ಗೊತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗು ಇನ್ನೂ ಜೋರಾಗುತ್ತಿತ್ತು. ಆಗ ಆರ್ಲಿ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು ಕಿರುಚಿದ:

"ನಗ್ಬೇಡಿ! ಅವ್ರಿನ್ನೂ ಮುಗಿಸಿಲ್ಲ!"

ಸೆಟ್ಟು ತಣ್ಣಗಾಯಿತು. ಆ ಮೌನದಲ್ಲಿ, ಅದಕ್ಕೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ತೆಗೆದುಕೊಂಡು, ಕೋರಾ ಆ ಮಾತನ್ನು ಮುಗಿಸಿದಳು: "ಬೇಡ."

ಗಸ್‌ನ ಮುಖ ಕೆಂಪಾಗಿ ಆಮೇಲೆ ಬಿಳಿಚಿತು. ಕೆಟ್ಟವನೇನಲ್ಲ ಅವನು, ತೊದಲನ್ನು ಅಲ್ಲಿಗೇ ಕೈಬಿಟ್ಟ. ಹುಡುಗನ ನಾಲಿಗೆ ಸರಿಹೋಗಲು ಮುಂದಿನ ಬೇಸಿಗೆಯವರೆಗೆ ಕಾಯಬೇಕಾಯಿತು, ಆದರೆ ಸರಿಹೋಯಿತು. ಕೋರಾ ಮತ್ತೆ ಉಡುಪಿನ ಕೋಣೆಗೆ ಹೋದಳು. ಯಾರೂ ಅವಳನ್ನು ಬೈಯಲಿಲ್ಲ. ತೊದಲುವ ಹೆಂಗಸು, ಪಾಪ, ಬಾಯಿಬಿಟ್ಟು ಹೇಳಿಕೊಳ್ಳಲು ಅವಳಿಗೆಷ್ಟು ಕಷ್ಟವಾಗಿರಬೇಕು ಎಂದು ಎಲ್ಲರೂ ಮರುಗಿದರು. ಆ ಮರುಕವನ್ನು ಹೊದ್ದುಕೊಂಡು ಅವಳು ಬದುಕಿಬಿಡಬಹುದಿತ್ತು, ಸೆಟ್ಟಿನಲ್ಲಿ 'ಬೇಡ' ಎಂದ ಆ ಮಧ್ಯಾಹ್ನವೇ ವರ್ನಾ ಅದೊಂದನ್ನು ಕೇಳದೆ ಇದ್ದಿದ್ದರೆ.

ಮಗನನ್ನು ಸೊಂಟಕ್ಕೇರಿಸಿಕೊಂಡು ವರ್ನಾ ಅವಳ ಮುಂದೆ ನಿಂತಿದ್ದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

"ನಾನು ತಿಳೀದೆ ಹೊಡೆದೆ. ನಿಮಗೆ ಗೊತ್ತಿತ್ತಲ್ಲ, ಮಿಸ್ ಕೋರಾ. ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಎಲ್ಲರೂ ನನ್ನ ಹೊಗಳ್ತಿದ್ರು" ಎಂದಳು ಕೋರಾ. "ಅದು ನಂಗೆ ಇಷ್ಟ ಆಗಿತ್ತು."

ಮಾತು ಎಲ್ಲೂ ತೊಡರದೆ, ಒಂದೇ ಉಸಿರಿಗೆ ಹೊರಗೆ ಬಂತು.