ಅಕ್ಕ ಮುಟ್ಟದ ಕೆಂಪು ಬಟನ್

ಹೋದ ವಾರ ಪಕ್ಕದ ಮನೆಯವರು ತಾರಸಿಯಲ್ಲಿ ನೆಡಲೆಂದು ಒಂದು ಟ್ರೇ ಟೊಮೇಟೊ ಸಸಿ ತಂದು, ಬಿಸಿಲು ತಾಕದಿರಲಿ ಎಂದು ನಮ್ಮ ಮೆಟ್ಟಿಲ ಬಳಿ ಇಟ್ಟಿದ್ದರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒದ್ದೆಯಾದ ತೆಂಗಿನ ನಾರಿನ ಪುಡಿಯ ವಾಸನೆ ಬಂತು. ಅದರ ಹಿಂದೆಯೇ ನರ್ಸರಿಯ ಅಕ್ಕ ನೆನಪಾದರು... ಅವರನ್ನು ನೆನೆಯದೆ ಇರುವುದನ್ನು ಎಷ್ಟೋ ದಿನದಿಂದ ರೂಢಿ ಮಾಡಿಕೊಂಡಿದ್ದೆ.

ಹೋಳೂರಿನ ಹತ್ತಿರದ ಒಂದು ಸಸಿ ನರ್ಸರಿಯಲ್ಲಿ ಅವರು ಬುಕಿಂಗ್ ನೋಡಿಕೊಳ್ಳುತ್ತಿದ್ದರು. ಶ್ರೀನಿವಾಸಪುರದ ಕಡೆಯ ಹಳ್ಳಿಯವರು. ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಕೋಲಾರದಲ್ಲಿ ಅಂಗಡಿ, ಡೈರಿಗಳಿಗೆ ಜಾವಾದಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಈಗಲೂ ಅದೇ ಕೆಲಸ. ನರ್ಸರಿಯ ಬುಕಿಂಗ್ ಪುಟವೂ ನನ್ನದೇ. ರೈತರು ಫೋನಿನಲ್ಲಿ ಹೆಸರು ಬರೆಸುತ್ತಿದ್ದರು. ಆಮೇಲೆ ಅವರು ಬಂದಾಗ ಅಕ್ಕ ಆ ಹೆಸರು ತೆರೆದು, ಯಾವ ದಿನ, ಎಷ್ಟು ಟ್ರೇ ಎಂದು ತುಂಬಿ ‘ಉಳಿಸು’ ಬಟನ್ ಒತ್ತಬೇಕು. ಕೆಲವು ತಿಂಗಳು ಹೀಗೇ ನಡೆಯಿತು.

ಆಮೇಲೆ ನರ್ಸರಿಯ ಯಜಮಾನರು, "ಬೇಡ ಅಂದೋರ ಬುಕಿಂಗ್ ಕ್ಯಾನ್ಸಲ್ ಮಾಡೋದೂ ಅದೇ ಪೇಜಲ್ಲೇ ಇರ್ಲಪ್ಪ" ಎಂದರು. ಅದೇ ಫಾರಂನಲ್ಲಿ ‘ಉಳಿಸು’ವಿನ ಎಡಕ್ಕೆ ‘ರದ್ದು’ ಎಂಬ ಕೆಂಪು ಬಟನ್ ಸೇರಿಸಿದೆ. ಎರಡರಲ್ಲಿ ಯಾವ ಬಟನ್ನಿನ ಹೆಸರು ಬಂದಿದೆಯೋ ನೋಡಿ ಅದರಂತೆ ನಡೆಯಲು ನಾಲ್ಕು ಸಾಲು ಜಾವಾ ಬರೆದೆ. ಮೌಸ್‌ನಿಂದ ಎರಡನ್ನೂ ಒತ್ತಿ ನೋಡಿದೆ, ಸರಿಯಿತ್ತು. ಯಾವುದನ್ನು ಒತ್ತಿದರೂ ಕೊನೆಗೆ ‘ಕೆಲಸ ಆಯಿತು’ ಎಂಬ ಒಂದೇ ಸಾಲು ಬರುತ್ತಿತ್ತು. ಅಷ್ಟು ಸಾಕು ಎಂದು ಬಿಟ್ಟುಬಂದೆ.

ಎರಡು ವಾರಕ್ಕೆ ಸುಗಟೂರಿನ ರೈತರೊಬ್ಬರು ಟೆಂಪೊ ತಂದು ನಿಂತರೆ ಅವರಿಗೆ ಸಸಿ ಇರಲಿಲ್ಲ. ಬುಕಿಂಗ್ ರದ್ದಾಗಿ, ಆ ಟ್ರೇಗಳು ಸಾಲಿನಲ್ಲಿದ್ದ ಮುಂದಿನ ಹೆಸರಿಗೆ ಹೋಗಿದ್ದವು. ಹೊಲ ಉತ್ತು ಸಿದ್ಧ ಮಾಡಿಟ್ಟು ಬಂದಿದ್ದ ಆತ ಗೇಟಿನಲ್ಲೇ ಕೂಗಾಡಿದರು. ಮರುವಾರ ಇನ್ನಿಬ್ಬರು. ಒಂದು ಸಲ ಆ ಮುಂದಿನ ಹೆಸರು ಅಕ್ಕನ ದೂರದ ನೆಂಟರದ್ದೇ ಆಗಿತ್ತು. ಅಕ್ಕನ ಮೇಲೆ ಅನುಮಾನಪಡಲು ಯಜಮಾನರಿಗೆ ಅಷ್ಟು ಸಾಕಾಯಿತು.

ನನ್ನನ್ನು ಕರೆಸಿದರು. ದಾಖಲೆ ತೆಗೆದು ನೋಡಿದೆ. ರದ್ದಾದದ್ದೆಲ್ಲ ಅಕ್ಕನ ಲಾಗಿನ್‌ನಿಂದಲೇ, ಅದೂ ಜನ ಮುಗಿಬಿದ್ದ ದಿನಗಳಲ್ಲಿ. ಗದ್ದಲದಲ್ಲಿ ಯಾರೂ ಗಮನಿಸುವುದಿಲ್ಲವೆಂದೇ ಆ ದಿನಗಳನ್ನು ಆರಿಸಿಕೊಂಡಿದ್ದಾರೆ ಎಂದು ನನಗೂ ಅನ್ನಿಸಿತು.

"ನೇನು ಕಾದಪ್ಪಾ, ನಾನಲ್ಲ. ಆ ಕೆಂಪು ಬಟನ್ ಮುಟ್ಟೇ ಇಲ್ಲ ನಾನು," ಎಂದರು ಅಕ್ಕ. "ನಿನ್ ಪ್ರೋಗ್ರಾಂ ಒಂದ್ಸಲ ನೋಡು."

"ಅದು ತಾನಾಗೇ ಒತ್ಕೊಳಲ್ಲ ಅಕ್ಕ," ಎಂದೆ.

ಅಲ್ಲಿಂದ ಎಲ್ಲವೂ ಅನುಮಾನವೇ. ಅವರ ಫೋನಿಗೆ ಕರೆ ಬಂದು ತೆಲುಗಿನಲ್ಲಿ ಮಾತಾಡಿದರೆ ಯಜಮಾನರು ಕಿವಿಗೊಡುತ್ತಿದ್ದರು. ಅವರ ಕಡೆಯ ಊರಿನವರು ಯಾರು ಬಂದರೂ ನಾವು ಮುಖ ಗುರುತಿಟ್ಟುಕೊಳ್ಳುತ್ತಿದ್ದೆವು. ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಅವರ ಕುರ್ಚಿಯ ಹಿಂದೆಯೇ ಕೂತೆ. ಪ್ರತಿ ಸಲವೂ ಅವರು ಮೌಸ್ ಹಿಡಿದು, ಬಾಣವನ್ನು ಮೆಲ್ಲಗೆ ‘ಉಳಿಸು’ ಮೇಲೆ ತಂದು, ನನ್ನ ಕಡೆ ತಿರುಗಿ ನೋಡಿಯೇ ಒತ್ತಿದರು. ಆ ದಿನ ಒಂದೂ ರದ್ದಾಗಲಿಲ್ಲ.

"ನೋಡಿದ್ಯಾ? ಕಾವಲಿದ್ರೆ ಏನೂ ಆಗಲ್ಲ," ಎಂದರು ಯಜಮಾನರು. ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದನ್ನು ಅಕ್ಕ ನೋಡಿದರು.

ಮರುದಿನದಿಂದ ಬರಬೇಡಿ ಎಂದು ಯಜಮಾನರು ಅಕ್ಕನಿಗೆ ಹೇಳಿದರು. ಅಕ್ಕ ಜಗಳವಾಡಲಿಲ್ಲ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟರು. ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತರು...

ಅವರ ಕುರ್ಚಿಗೆ ಯಜಮಾನರ ತಮ್ಮನ ಮಗಳು ಬಂದಳು. ಒಂದು ದಿನ ಪ್ರಿಂಟರ್ ಸರಿಮಾಡಲು ಹೋಗಿದ್ದೆ, ವಿಪರೀತ ಜನ. ಆ ಹುಡುಗಿ ಟ್ರೇಗಳ ಸಂಖ್ಯೆ ಟೈಪ್ ಮಾಡಿ, ಪರದೆ ನೋಡದೆ ಎಂಟರ್ ಕೀ ಒತ್ತಿ, ಮುಂದಿನ ಹೆಸರಿಗೆ ಹೋದಳು.

"ಮೌಸ್ ಯಾಕೆ ಮುಟ್ಟಲ್ಲಮ್ಮ?"

"ಇಷ್ಟ್ ಜನ ಇದ್ರೆ ಎಲ್ಲಿ ಆಗುತ್ತೆ ಅಣ್ಣಾ? ಅಕ್ಕಾನೂ ಹಿಂಗೇ ಮಾಡ್ತಿದ್ರು. ರಜದಲ್ಲಿ ಇಲ್ಲಿಗ್ ಬಂದಾಗ ಅವ್ರನ್ ನೋಡಿ ಕಲ್ತಿದ್ದು."

ನಾನು ಪರದೆಯ ಕಡೆ ಬಾಗಿದೆ. ಎಂಟರ್ ಒತ್ತಿದರೆ ಫಾರಂನಲ್ಲಿ ಮೊದಲು ಇರುವ ಬಟನ್ ಒತ್ತಿದಂತೆಯೇ ಲೆಕ್ಕ. ಮುಂಚೆ ‘ಉಳಿಸು’ ಒಂದೇ ಇದ್ದಾಗ ಅದು ಸರಿಯಾಗಿಯೇ ನಡೆದಿತ್ತು. ಅದರ ಮುಂದೆ ‘ರದ್ದು’ ತಂದು ಇಟ್ಟವನು ನಾನು. ಬೆಳಿಗ್ಗೆಯಿಂದ ಆ ಹುಡುಗಿ ತುಂಬಿದ್ದೆಲ್ಲ ರದ್ದಾಗಿತ್ತು. ಕೂತಲ್ಲೇ ಎರಡು ಬಟನ್ನುಗಳ ಜಾಗ ಅದಲುಬದಲು ಮಾಡಿ, ರದ್ದಾದದ್ದನ್ನು ಸರಿಪಡಿಸಿ, ಯಜಮಾನರಿಗೆ "ಪ್ರಿಂಟರ್ ಸರಿಹೋಯ್ತು" ಎಂದಷ್ಟೇ ಹೇಳಿ ಬಂದೆ.

ಎರಡು ವಾರ ಸುಮ್ಮನಿದ್ದೆ. ತಡೆಯಲಾಗದೆ ಅಕ್ಕನ ಊರಿಗೆ ಹೋದೆ. ಅವರು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ನಾನು ಎಲ್ಲವನ್ನೂ ಹೇಳುವಷ್ಟು ಹೊತ್ತೂ ಅವರ ಕೈ ನಿಲ್ಲಲಿಲ್ಲ.

"ಯಜಮಾನ್ರಿಗೆ ಹೇಳ್ದಾ?"

"ಇನ್ನೂ ಇಲ್ಲ ಅಕ್ಕ."

"ಮತ್ತೆ ನಂಗ್ಯಾಕೆ ಹೇಳ್ತೀಯಪ್ಪ? ನಾನಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು."

ಮರುದಿನವೇ ಹಳೆಯ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಯಜಮಾನರ ಮುಂದೆ ಕೂತೆ. ಅವರ ಎದುರಲ್ಲೇ ಎಂಟರ್ ಒತ್ತಿ, ಬುಕಿಂಗ್ ರದ್ದಾಗುವುದನ್ನು ತೋರಿಸಿದೆ. ಅವರು ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು.

"ಅವಳ ಮನೆಗೆ ಹೋಗಿದ್ದೆಯಂತೆ? ಇದನ್ನ ನಿನ್ನೆ ನೀನೇ ಹಿಂಗೆ ಮಾಡ್ಕೊಂಡ್ ಬಂದಿಲ್ಲ ಅಂತ ಏನು ಗ್ಯಾರಂಟಿ?"

ಏನು ಹೇಳಿದರೂ ಅವರು ನಂಬಲಿಲ್ಲ. ಮುಂದಿನ ತಿಂಗಳು ನರ್ಸರಿಯಲ್ಲಿನ ನನ್ನ ಕೆಲಸವೂ ಬೇರೆಯವರಿಗೆ ಹೋಯಿತು. ಯಾವ ಮುಖ ಹೊತ್ತು ಹೋಗಲಿ ಎಂದು ಅಕ್ಕನ ಊರಿನ ಕಡೆ ಮತ್ತೆ ಹೋಗಲಿಲ್ಲ. ವರ್ಷಗಳು ಹೀಗೇ ಹೋದವು...

ಮೊನ್ನೆ ಭಾನುವಾರ ಹೋದೆ. ಬಾಗಿಲಿಗೆ ಬಂದದ್ದು ಅವರ ಸೊಸೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ನರ್ಸರಿಯ ಹೆಸರು ಹೇಳಿದ ಕೂಡಲೇ ಅವಳ ಕೈ ಬಾಗಿಲಿನ ಮೇಲೆ ಬಿಗಿಯಾಯಿತು.

"ಈಗ ಇನ್ನೇನ್ ಕೇಳೋಕ್ ಬಂದ್ರಿ?"

ಹೊಸಿಲಿನ ಈಚೆಯೇ ನಿಂತು, ತಪ್ಪು ನನ್ನದೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇದನ್ನ ಅವ್ರಿದ್ದಾಗ, ಊರಲ್ಲಿ ನಾಲ್ಕು ಜನರ ಮುಂದೆ ಹೇಳ್ಬೇಕಿತ್ತು," ಎಂದಳು.

ಹೌದಮ್ಮ ಎಂದೆ.