ಇಕ್ಕೇರಿಯ ರಾಜಕುಮಾರಿಯೂ ನನ್ನ ಬಸ್ಸೂ

ನಾನು ಒತ್ತಿದ ಹಲಸಿನ ಹಪ್ಪಳ ಯಾವತ್ತೂ ದುಂಡಗೆ ಬಂದದ್ದಿಲ್ಲ ನೋಡಿ. ಒಂದು ಕಡೆ ರೊಟ್ಟಿ, ಇನ್ನೊಂದು ಕಡೆ ತೂತು. ಹಾಗಾಗಿಯೇ ಅರವತ್ತರ ದಶಕದ ಆ ಬೇಸಿಗೆಯಲ್ಲಿ, ಮದುವೆಯಾಗಿ ಹೊಸನಗರದ ಸೀಮೆಗೆ ಬಂದ ಹೊಸತರಲ್ಲಿ, ನೆರೆಹೊರೆಯ ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂತು ಹಪ್ಪಳ ಒತ್ತುವಾಗ, ನನ್ನ ಕೈಯಿಂದ ಹಿಟ್ಟಿನ ಉಂಡೆ ಕಸಿದುಕೊಂಡು ಪುಸ್ತಕ ಕೊಟ್ಟರು. ಓದಿ ಹೇಳುವ ಕೆಲಸ ನನ್ನದಾಯಿತು. ಅದರ ನೆಪದಲ್ಲಿ ವಾರಕ್ಕೊಮ್ಮೆ ಬಸ್ಸು ಹತ್ತಿ ಪೇಟೆಯ ಗ್ರಂಥಾಲಯಕ್ಕೆ ಹೋಗುವ ಭಾಗ್ಯವೂ ಸಿಕ್ಕಿತು. ಆ ಸುಖವನ್ನು ಹೇಗೆ ಹೇಳಲಿ! ಆದರೆ ಅಕ್ಷರ ಬಾರದ ಅತ್ತೆ ಒಂದು ಕರಾರು ಹಾಕಿದ್ದರು: ಪುಸ್ತಕ ಬೇಸರ ತಂದರೆ ಬಸ್ಸೂ ಬಂದ್.

ಆ ಸಲ ತಂದದ್ದು ಇಕ್ಕೇರಿಯ ಅರಸರ ಕಾಲದ ಪ್ರೇಮಕಥೆ. ಹೊದಿಕೆಯ ಮೇಲಿನ ರಾಜಕುಮಾರಿಯ ಕಣ್ಣು ನೋಡಿಯೇ ಮರುಳಾಗಿದ್ದೆ. ಒಳಗೆ ನೋಡಿದರೆ ಆಕೆಯ ಹುಬ್ಬು, ಮೂಗು, ಗಲ್ಲಗಳ ವರ್ಣನೆಗೇ ನಲವತ್ತು ಪುಟ. ಆಮೇಲೆ ಆಷಾಢದ ಹುಣ್ಣಿಮೆ. ಉಪ್ಪರಿಗೆಯಲ್ಲಿ ಆಕೆ ಹಾಲುಬೆಳದಿಂಗಳಲ್ಲಿ ಮೀಯುತ್ತ ಕಾಯುತ್ತಾಳೆ, ಆಗುಂಬೆ ಘಾಟಿ ಹತ್ತಿ ಕುದುರೆಯ ಮೇಲೆ ಅವನು ಬರುತ್ತಾನೆ, ರೇಷ್ಮೆಯ ಅಂಚೂ ನೆನೆಯದೆ, ರಕ್ತ ಹೀರುವ ಒಂದು ಇಂಬಳವೂ ಕಚ್ಚದೆ! ಆಷಾಢದ ಮಳೆಯಲ್ಲಿ ನಮಗೆ ಚಂದ್ರನಿರಲಿ, ಎದುರುಮನೆಯೇ ಕಾಣುವುದಿಲ್ಲ. ಹೆಂಗಸರು ನಕ್ಕ ರಭಸಕ್ಕೆ ಎರಡು ಹಪ್ಪಳ ಹರಿದವು. ಅತ್ತೆ ಮಾತ್ರ ನಗಲಿಲ್ಲ. ಬಸ್ಸು ಬಂದ್ ಆದೀತೆಂದು ನಾನು ಬೇಗಬೇಗ ಪುಟ ತಿರುವಿದೆ.

ಕೊನೆಗೆ ಆ ಪುಣ್ಯಾತ್ಮ ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಇವಳು ಅವನನ್ನು ಹರಸಿ ಶರಾವತಿಗೆ ಹಾರುತ್ತಾಳೆ. ಚರಿತ್ರೆಯ ಹೆಂಗಸರಿಗೆಲ್ಲ ಸಾಯುವುದೊಂದೇ ಕಸುಬೇ? ನನಗೆ ಮೈಯೆಲ್ಲ ಉರಿಯಿತು. ಪುಟದಿಂದ ಕಣ್ಣು ತೆಗೆಯದೆ, ಓದುವ ಧಾಟಿಯಲ್ಲೇ, ನಾನೇ ಹೇಳತೊಡಗಿದೆ: ರಾಜಕುಮಾರಿ ಮದುವೆಯ ಚಪ್ಪರಕ್ಕೆ ನಡೆದು, ಅವನ ಕೆನ್ನೆಗೆ ಎರಡು ಬಾರಿಸಿ, ಅವನದೇ ಕುದುರೆ ಹತ್ತಿ ಹೊರಟುಹೋದಳು. ಅತ್ತೆಯ ಮುಖ ಅರಳಿತು.

ನನ್ನ ಗೆಲುವು ಒಂದೇ ದಿನದ್ದು. ಆ ಕಪಾಳಮೋಕ್ಷವನ್ನು ಇನ್ನೊಮ್ಮೆ ಸವಿಯಲೆಂದು ಪುಸ್ತಕ ಒಯ್ದಿದ್ದ ಪಕ್ಕದ ಮನೆಯ ಸರೋಜಕ್ಕ, ಮರುದಿನ ಅದನ್ನು ಅತ್ತೆಯ ಮುಂದಿಟ್ಟು, ಇದರಲ್ಲಿ ಹುಡುಗಿ ಹೊಳೆಗೆ ಹಾರಿದ್ದಾಳೆ ಎಂದರು. ಅತ್ತೆ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

"ಅದಕ್ಕಿಂತ ನಿಂದೇ ಚಲೋ ಇತ್ತಲ್ಲೇ. ಇನ್ನು ಪುಸ್ತಕ ಎಂತಕ್ಕೆ ಮಾರಾಯ್ತಿ? ನೀನೇ ಹೇಳ್ತಾ ಹೋಗು."

ಹೊಗಳಿಕೆಯೇನೋ ಸೈ, ನನ್ನ ಬಸ್ಸು ಹೋಯಿತಲ್ಲ!

ಮಾರನೆಯ ದಿನ ಹೊಸ ಕಥೆ ಶುರುಮಾಡಿದೆ. ಈ ರಾಜಕುಮಾರಿಯನ್ನು ಕಾಡಿನಲ್ಲಿ ಕಳ್ಳರು ಸುತ್ತುವರಿದರು. ಆಕೆ ಕತ್ತಿ ಹಿರಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಅಲ್ಲಿಗೆ ನಿಲ್ಲಿಸಿದೆ. ಹಪ್ಪಳ ಒತ್ತುವ ಕೈಗಳೂ ನಿಂತವು. ಆಮೇಲೇನಾಯಿತೆಂದು ಅತ್ತೆ ಕೇಳಿದರು.

"ನಂಗೆ ಗೊತ್ತಿಲ್ಲ ಅತ್ತೆ. ಮುಂದಿಂದು ಪೇಟೆ ಪುಸ್ತಕದಲ್ಲಿದೆ."

ಅತ್ತೆ ನನ್ನ ಮುಖವನ್ನೇ ನೋಡುತ್ತ ಹಿಟ್ಟಿನ ಕೈ ಒರೆಸಿಕೊಂಡರು.

"ನಾಳೆ ಬಸ್ ಎಷ್ಟೊತ್ತಿಗೆ? ನಾನೂ ಬರ್ತೀನಿ."

ಹೋದೆವು. ಅತ್ತೆ ಒಂದೊಂದು ಪುಸ್ತಕವನ್ನೂ ತೆಗೆದು, ಹೊದಿಕೆ ಸವರಿ, ಇದೇನಾ ಎಂದು ನನ್ನನ್ನು ಕೇಳಿದರು, ನಾನು ಅಲ್ಲವೆಂದೆ. ಅಂಥದ್ದೊಂದು ಪುಸ್ತಕವೇ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದ ನಾವಿಬ್ಬರೂ, ಸಂಜೆಯ ಬಸ್ಸು ಬರುವವರೆಗೆ ಅದನ್ನೇ ಹುಡುಕಿದೆವು.