ಹಗೇವಿನ ಬ್ಯಾಂಡು

ಹೋದ ವಾರ ಅರಕೇರಿಯ ಬೀಗರು ಒಂದು ಚೀಲ ಜೋಳ ಕಳಿಸಿದ್ದರು. ಚೀಲದ ಬಾಯಿ ಬಿಚ್ಚಿದೆ ನೋಡಿ, ಬೆಚ್ಚನೆಯ ಮುಗ್ಗು ವಾಸನೆ ಮೂಗಿಗೆ ಬಡಿಯಿತು. "ಇದು ರೊಟ್ಟಿಗಿ ಬರೂದಿಲ್ಲರಿ, ದನಕ್ಕ ಹಾಕೂದ" ಎಂದು ನನ್ನ ಹೆಂಡತಿ ಮುಖ ತಿರುಗಿಸಿದಳು. ನಾನು ಮಾತ್ರ ಚೀಲದೊಳಗೆ ತಲೆ ಹಾಕಿಕೊಂಡು ನಿಂತೇ ಇದ್ದೆ. ನಿಮಗೆ ಅದು ಜೋಳದ ವಾಸನೆ. ನನಗೆ ಅದು ಗಿಟಾರಿನ ವಾಸನೆ.

ಅದೇ ದಿನ ಮಧ್ಯಾಹ್ನ ರುಕ್ಸಾನಾ ಕ್ಯಾಮೆರಾ ಹೊತ್ತುಕೊಂಡು ಬಂದಳು. ಗಾಂಧಿ ಚೌಕದ ರಜಾಕನ ಮೊಮ್ಮಗಳು. ನಮ್ಮ ಕಾಲದ ಬ್ಯಾಂಡುಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾಳಂತೆ.

"ಅಜ್ಜಾರ, ನಿಮ್ಮದು ಅಂಡರ್‌ಗ್ರೌಂಡ್ ಬ್ಯಾಂಡ್ ಇತ್ತಂತಲ್ರಿ?"

"ಹೌದವಾ. ಹನ್ನೆರಡ ಅಡಿ ಕೆಳಗ."

ಹುಡುಗಿ ನಕ್ಕಳು. ಅವಳ ಭಾಷೆಯಲ್ಲಿ ಅಂಡರ್‌ಗ್ರೌಂಡ್ ಎಂದರೆ ಪೇಟೆಯ ಕಣ್ಣಿಗೆ ಬೀಳದೆ ತಮ್ಮ ಪಾಡಿಗೆ ತಾವು ಬಾರಿಸಿಕೊಂಡಿದ್ದವರು. ನಾನು ಹೇಳಿದ್ದು ಹಗೇವಿನ ಆಳ. ಹಗೇವು ಗೊತ್ತಲ್ಲ? ಜೋಳ ತುಂಬಿಡಲು ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬಾಳು ಇಳಿಯುವಷ್ಟು, ಹೊಟ್ಟೆ ಗಡಿಗೆಯಷ್ಟು ದುಂಡಗೆ. ಹಗೆ ಎಂದರೆ ಆ ಗುಂಡಿಯೂ ಹೌದು, ವೈರವೂ ಹೌದು. ನಾವು ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದ್ದೆವು.

ವೈರ ಶುರುವಾದದ್ದು ಗೋಳಗುಮ್ಮಟದ ಹತ್ತಿರ, ಎಪ್ಪತ್ತರ ದಶಕದ ನಡುವಿನಲ್ಲಿ. ಉದ್ದ ಕೂದಲಿನ ಪರದೇಶಿಯೊಬ್ಬ ಬೇವಿನ ಗಿಡದ ಕೆಳಗೆ ಕುಳಿತು ಗಿಟಾರು ಬಾರಿಸುತ್ತಿದ್ದ. ಕಾಲೇಜು ತಪ್ಪಿಸಿ ಬಂದಿದ್ದ ನಾನು ಎದುರಿಗೆ ನಿಂತೆ. ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದ, ಅವನೇ ರಜಾಕ. ಪರದೇಶಿ ನಾಲ್ಕು ದಿನ ಇದ್ದು ಇಬ್ಬರ ಬೆರಳನ್ನೂ ಹಿಡಿದು ತಂತಿ ಒತ್ತುವ ಮೂರು ಪಟ್ಟುಗಳನ್ನು ಕಲಿಸಿ ಹೋಗಿಬಿಟ್ಟ. ಅವನ ಹಿರಿಯ ಶಿಷ್ಯ ಯಾರು ಎಂಬ ಜಗಳ ನಮಗೆ ಉಳಿಯಿತು. ನಾನೇ ಎಂದು ಈಗಲೂ ಹೇಳುತ್ತೇನೆ. ಅರ್ಧ ಗಂಟೆ ಮೊದಲು ಹೋಗಿದ್ದೆ.

ನಾನು ಮಿರಜಿಗೆ ಹೋಗಿ ಸಿತಾರ ಮಾಡುವವರೊಬ್ಬರ ಕೈಲಿ ಗಿಟಾರು ಮಾಡಿಸಿಕೊಂಡು ಬಂದೆ. ಅವರು ಜನ್ಮದಲ್ಲಿ ಗಿಟಾರು ಕಂಡವರಲ್ಲ, ನಾನು ಕೈಯಲ್ಲಿ ತೋರಿಸಿದ ಅಳತೆಗೆ ಮಾಡಿಕೊಟ್ಟರು. ಬೆನ್ನು ತಂಬೂರಿಯಂತೆ ಉಬ್ಬಿತ್ತು. ರಜಾಕನೂ ಎಲ್ಲಿಂದಲೋ ಒಂದು ತಂದ. ಅವರಪ್ಪನ ಟೇಲರ್ ಅಂಗಡಿಯ ಮಾಳಿಗೆಯ ಮೇಲೆ, ಇಡೀ ಗಾಂಧಿ ಚೌಕಕ್ಕೆ ಕೇಳಲಿ ಎಂದು, ತನ್ನ ಗೆಳೆಯರ ಜೊತೆ ಬಾರಿಸುತ್ತಿದ್ದ. ನಾನು ನಮ್ಮೂರು ಟಿಕೋಟಾದಲ್ಲಿ, ಗೆಳೆಯ ಮಲ್ಲುವಿನ ಹಿತ್ತಲಲ್ಲಿ. ನಾನು ಗಿಟಾರು, ಮಲ್ಲು ತಾಮ್ರದ ಹಂಡೆಯನ್ನು ಬೋರಲು ಹಾಕಿ ಡ್ರಮ್ಮು. ಮೂರೇ ದಿನಕ್ಕೆ ಅವನ ಅವ್ವ ಹೊರಗೆ ಬಂದಳು.

"ಯಪ್ಪಾ, ನಿಮ್ಮ ಸಪ್ಪಳಕ್ಕ ಎಮ್ಮಿ ತೊರಿ ಬಿಡವಲ್ದು. ಆ ಖಾಲಿ ಹಗೇವಿನ್ಯಾಗರೆ ಇಳದು ಬಡಕೊಳ್ರಿ. ಮೊದಲ ಕಂದೀಲ ಬಿಡ್ರಿ ಮತ್ತ, ದೀಪ ಆರಿದ್ರ ಇಳೀಬ್ಯಾಡ್ರಿ."

ಹಾಲು ಕೊಡುವ ಎಮ್ಮೆಯ ಮುಂದೆ ಕಲಾವಿದರ ಮಾತು ನಡೆಯುತ್ತದೆಯೇ? ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಕೆಟ್ಟ ಗಾಳಿ ಇಲ್ಲವೆಂದು ನೋಡಿಕೊಂಡು, ಏಣಿ ಹಾಕಿ ಇಳಿದೆವು. ಹಳೆಯ ಜೋಳದ ಮುಗ್ಗು ವಾಸನೆ. ಒಂದು ತಂತಿ ಮೀಟಿದೆ. ಗೋಡೆಯೆಲ್ಲ ಗುಂಯ್ ಎಂದಿತು. ಮಲ್ಲು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕರೆಂಟಿಲ್ಲ, ಮೈಕಿಲ್ಲ, ಆದರೂ ನಮ್ಮಂಥ ದೊಡ್ಡ ದನಿ ಜಿಲ್ಲೆಯಲ್ಲಿ ಇನ್ನೊಬ್ಬರಿಗಿರಲಿಲ್ಲ.

ಅಲ್ಲಿ ನಾನೊಂದು ಧಾಟಿ ಕಟ್ಟಿದೆ. ಸಂಕೋಚವಿಲ್ಲದೆ ಹೇಳುತ್ತೇನೆ, ಚೆಂದ ಇತ್ತು. ತೊಡಕು ಒಂದೇ: ಮೇಲೆ ಮೇಲೆ ಏರುತ್ತ ಹೋಗಿ ಒಂದು ಕಡೆ ನಿಂತುಬಿಡುತ್ತಿತ್ತು, ಗಿಡ ಹತ್ತಿದ ಬೆಕ್ಕಿನ ಮರಿಯ ಹಾಗೆ. ತಿಂಗಳಾದರೂ ಇಳಿಸುವ ದಾರಿ ಸಿಗಲಿಲ್ಲ. "ಏರಸ್ತಿ ಖರೆ, ಇಳಸಾಕ ಬರೂದಿಲ್ಲ ನಿನಗ" ಎಂದ ಮಲ್ಲು.

ಅಷ್ಟರಲ್ಲಿ ಬಬಲೇಶ್ವರದ ತರುಣರು ಶಾಲೆಯ ಬಯಲಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡು ಎರಡೂ ಬ್ಯಾಂಡುಗಳನ್ನು ಕರೆದರು. ನಾವು 'ಟಿಕೋಟಾ ರಾಕರ್ಸ್' ಎಂದು ಬರೆದುಕೊಟ್ಟಿದ್ದೆವು. ಬೋರ್ಡು ಬರೆಯುವವನು ಅದನ್ನು ತಪ್ಪೆಂದು ತಿಳಿದು, ಉಪಕಾರ ಮಾಡುವಂತೆ ತಿದ್ದಿ, 'ಟಿಕೋಟಾ ರಾಕ್ಷಸರು' ಎಂದು ಬರೆದಿದ್ದ. ಅದನ್ನು ನೋಡಿಯೇ ಅರ್ಧ ಜನ ಸೇರಿದ್ದರು ಅನ್ನಿ.

ಮೊದಲು ರಜಾಕನ ಸರದಿ. ಅವನು ತಂತಿ ಮುಟ್ಟಿದ ಕೂಡಲೇ ನಾನು ಎದ್ದು ನಿಂತೆ. ನನ್ನ ಧಾಟಿ! ಅದೇ ಏರು, ಅದೇ ತಿರುವು. ನಾನು ನಿಲ್ಲುವ ಜಾಗಕ್ಕೆ ಬಂತು, ನಿಲ್ಲಲಿಲ್ಲ. ಮೆತ್ತಗೆ, ಮೆಟ್ಟಿಲು ಇಳಿದ ಹಾಗೆ, ಕೆಳಗೆ ಬಂದು ಕುಳಿತಿತು. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು ಬಂತು.

ಪರದೆಯ ಹಿಂದೆ ಅವನ ಕೊರಳಪಟ್ಟಿ ಹಿಡಿದೆ. "ಯಾರದೋ ಅದು?"

"ನಿಂದ. ನಂದೊಂದು ತಂತಿ ಹರದಿತ್ತು, ನಿನ್ನ ಕಡೆ ಇದ್ರ ಇಸಕೊಳ್ಳಾಕ ಟಿಕೋಟಾಕ್ಕ ಬಂದಿದ್ದೆ. ನೆಲದಾಗಿಂದ ಹಾಡ ಬರಾಕತ್ತಿತ್ತು. ಹಗೇವಿನ ಬಾಯಾಗ ಕುಂತ ಕೇಳಿದೆ. ಅದ ಜಾಗಾದಾಗ ಹತ್ತ ಸಲ ನಿಂತಿ. ನನಗ ತಡಕೊಳ್ಳಾಕ ಆಗಲಿಲ್ಲಲೇ."

ಹಗೇವಿಗೆ ಇಳಿದರೆ ಯಾರಿಗೂ ಕೇಳಿಸದು ಎಂದುಕೊಂಡಿದ್ದೆವು. ಆ ಸಣ್ಣ ಬಾಯಿ ನಮ್ಮ ದನಿಯನ್ನೆಲ್ಲ ಒಟ್ಟು ಮಾಡಿ ಕಹಳೆಯಂತೆ ಮೇಲಕ್ಕೆ ಊದುತ್ತಿತ್ತು.

ಮುಂದಿನ ಸರದಿ ನಮ್ಮದು. ನನ್ನ ಹತ್ತಿರ ಬೇರೆ ಧಾಟಿ ಎಲ್ಲಿತ್ತು? ಅದನ್ನೇ ಬಾರಿಸಿದೆ. ನಿಲ್ಲುವ ಜಾಗಕ್ಕೆ ಬಂದಾಗ ನನ್ನ ಬೆರಳುಗಳು, ಕೇಳದೆ, ರಜಾಕನ ಮೆಟ್ಟಿಲನ್ನೇ ಇಳಿದವು. ಬಬಲೇಶ್ವರದ ಜನ ಸಿಳ್ಳೆ ಹೊಡೆದರು, ರಾಕ್ಷಸರೇ ಗೆದ್ದರು ಎಂದರು. ಅಂದಿನಿಂದ ರಜಾಕ ನನ್ನ ಧಾಟಿ ಕದ್ದ ಎಂದು ಊರಿಗೆಲ್ಲ ಹೇಳಿದೆ. ಅವನು ಇಳಿಸಿದ್ದನ್ನು ಹೇಳಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಐವತ್ತು ವರ್ಷ ಗಾಂಧಿ ಚೌಕದಲ್ಲಿ ಎದುರಾದರೆ "ಆರಾಮ?" "ಆರಾಮ." ಅಷ್ಟೇ ನಮ್ಮ ಮಾತು.

ರುಕ್ಸಾನಾ ಕ್ಯಾಮೆರಾ ಸರಿಮಾಡಿಕೊಂಡಳು. "ನಮ್ಮಜ್ಜಾರನ್ನ ಮೊದಲ ಕೇಳೇನ್ರಿ. ಆ ಧಾಟಿ ಪೂರಾ ನಿಮ್ದ ಅಂದಾರ. ತಮ್ಮದು ಅದರಾಗ ಏನೂ ಇಲ್ಲಂತ. ಹೌದೇನ್ರಿ?"

ಮಲ್ಲು ತೀರಿಕೊಂಡಿದ್ದಾನೆ. ಹಗೇವು ಮುಚ್ಚಿ ಅದರ ಮೇಲೆ ಮನೆ ಎದ್ದಿದೆ. ಹೌದು ಎಂದರೆ ಮುಗಿಯಿತು, ಧಾಟಿ ಕಾಯಂ ಆಗಿ ನನ್ನದು. ನಾನು ಅರ್ಧಕ್ಕೆ ಬಿಟ್ಟಿದ್ದನ್ನು ಇಳಿಸಿದವನೇ ಅದನ್ನು ಪೂರಾ ನನ್ನದೆಂದು ಕೊಟ್ಟಿದ್ದಾನೆ. ನಾಚಿಕೆಯಾಯಿತು, ನಿಮ್ಮಲ್ಲಿ ಮುಚ್ಚುಮರೆ ಏನು.

ಅಟ್ಟದಿಂದ ಮಿರಜಿನ ಗಿಟಾರು ಇಳಿಸಿದೆ. ಮೂರು ತಂತಿ ಉಳಿದಿದ್ದವು, ನನಗೆ ಸಾಕು. ಬಾರಿಸಿದೆ. ಧಾಟಿ ಏರಿತು, ಏರಿತು. ಆ ಜಾಗಕ್ಕೆ ಬಂದಾಗ ತಂತಿಯ ಮೇಲೆ ಅಂಗೈ ಇಟ್ಟುಬಿಟ್ಟೆ.

"ಮುಂದ, ಅಜ್ಜಾರ?"

"ನಂದು ಇಷ್ಟ ನೋಡವಾ. ಇಳಿಸಿದಾಂವ ನಿಮ್ಮಜ್ಜ. ಕ್ಯಾಮೆರಾ ಬಂದ್ ಮಾಡಬ್ಯಾಡ, ಹಂಗ ಹಿಡಕೊಂಡ ನಿಮ್ಮ ಮನಿಗಿ ನಡಿ. ನಾನೂ ಬರ್ತೇನಿ."

ಹೊರಡುವಾಗ ಚೀಲಕ್ಕೆ ಕೈಹಾಕಿ ಒಂದು ಹಿಡಿ ಜೋಳ ಜೇಬಿಗೆ ಸುರಿದುಕೊಂಡೆ. ಹಗೇವಿನ ಬಾಯಲ್ಲಿ ಕುಳಿತು ಕೇಳಿದವನು, ವಾಸನೆ ಗುರುತು ಹಿಡಿಯುತ್ತಾನೆ.